ಗೋಲು ಹೊಡೆಯದ ಹುಡುಗನಿಗೂ ಫುಟ್ಬಾಲ್‌ನಲ್ಲಿ ಜಾಗ ಇದೆಯಾ?

ಹಿಂದಿನ ಸಂಚಿಕೆಯಲ್ಲಿ ಮಿಡ್‌ಫೀಲ್ಡರ್‌ಗಳ, ಅಂದರೆ ಮೈದಾನದ ನಡುವೆ ಆಡುವವರ ಬಗ್ಗೆ ನಾಲ್ಕು ಸಾಲು ಬರೆದದ್ದೇ ತಡ, ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಮ್ಮಿ ಅದೇ ವಿಷಯ. ಕ್ರಿಕೆಟ್ ಪ್ರಶ್ನೆ ಕಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಮುಂದಿನ ಸಲ.

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಶಾಲೆಯ ತಂಡದಲ್ಲಿ ಮಿಡ್‌ಫೀಲ್ಡ್ ಆಡುತ್ತಾನೆ. ತಾಲ್ಲೂಕು ಮಟ್ಟಕ್ಕೆ ಹೋಗಿ ಬಂದ, ಒಂದೂ ಗೋಲು ಇಲ್ಲ. ನಮ್ಮ ಭಾವ ಸಿಕ್ಕಾಗೆಲ್ಲ ಹಂಗಿಸುತ್ತಾರೆ, "ಎಂತ ಆಡ್ತಾನೋ ಮಾರಾಯ, ಸುಮ್ನೆ ನಡುವೆ ಓಡಾಡ್ಕಂಡಿರ್ತಾನೆ" ಅಂತ. ದೈಹಿಕ ಶಿಕ್ಷಕರು ಮಾತ್ರ ಇವನನ್ನು ಆಟ ಬಿಡಿಸಬೇಡಿ ಅನ್ನುತ್ತಾರೆ. ಯಾರ ಮಾತು ನಂಬೋದು ಸಾರ್?
— ಒಬ್ಬ ತಂದೆ, ತೀರ್ಥಹಳ್ಳಿ

ಮೇಷ್ಟ್ರ ಮಾತು ನಂಬಿ ರಾಯರೇ. ಭಾವನವರ ಬಾಯಿ ಮುಚ್ಚಿಸಲು ಒಂದು ವಿಷಯ ಕೊಡುತ್ತೇನೆ. 2017ರಲ್ಲಿ ನಮ್ಮ ದೇಶದಲ್ಲೇ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತಲ್ಲ, ಅದರಲ್ಲಿ ಭಾರತ ಮೂರು ಪಂದ್ಯ ಆಡಿ ಹೊಡೆದದ್ದು ಒಂದೇ ಗೋಲು, ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ. ಹೊಡೆದವನು ಜೀಕ್ಸನ್ ಸಿಂಗ್, ಮಣಿಪುರದ ಹುಡುಗ, ಮಿಡ್‌ಫೀಲ್ಡರ್. ಕಾರ್ನರ್ ಬಂತು, ತಲೆ ಕೊಟ್ಟ, ಗೋಲಾಯಿತು. ಆದರೆ ಅವನನ್ನು ತಂಡಕ್ಕೆ ತೆಗೆದುಕೊಂಡದ್ದು ಅದಕ್ಕಲ್ಲ. ಉಳಿದ ಹೊತ್ತೆಲ್ಲ ನಡುವೆ ಮಾಡುವ ಕೆಲಸಕ್ಕೆ.

ಆ ಕೆಲಸ ಹೇಗೆ ಕಾಣುತ್ತದೆ ಅಂತ ನೀವೇ ನೋಡಬಹುದು. ಮುಂದಿನ ಪಂದ್ಯಕ್ಕೆ ಹೋದಾಗ ಒಂದು ಹತ್ತು ನಿಮಿಷ ಬಾಲ್ ನೋಡಬೇಡಿ, ಮಗನ ಕತ್ತು ನೋಡಿ. ಬಾಲ್ ಅವನ ಕಡೆ ಬರುವ ಮೊದಲು ಎಡಕ್ಕೊಂದು ಸಲ, ಬಲಕ್ಕೊಂದು ಸಲ ಹೆಗಲ ಮೇಲಿಂದ ಹಿಂದೆ ನೋಡುತ್ತಾನಾ? ಊಟದ ಪಂಕ್ತಿಯಲ್ಲಿ ಬಡಿಸುವ ಹುಷಾರಿ ಮನುಷ್ಯ ಯಾವ ಎಲೆಯಲ್ಲಿ ಅನ್ನ ಮುಗಿದಿದೆ ಅಂತ ಬಗ್ಗುವ ಮೊದಲೇ ನೋಡಿಕೊಂಡಿರುತ್ತಾನಲ್ಲ, ಹಾಗೆ. ನಾರ್ವೆಯ ಗೈರ್ ಯೊರ್ಡೆಟ್ ಅನ್ನುವ ಕ್ರೀಡಾ ವಿಜ್ಞಾನಿ ವರ್ಷಗಟ್ಟಲೆ ಇದನ್ನೇ ಲೆಕ್ಕ ಹಾಕಿದ್ದಾರೆ. ಬಾಲ್ ಸಿಗುವ ಮೊದಲು ಜಾಸ್ತಿ ಸಲ ಸುತ್ತ ನೋಡುವ ಆಟಗಾರನ ಪಾಸ್ ಸರಿಯಾದ ಕಾಲಿಗೆ ಹೋಗುವುದೂ ಜಾಸ್ತಿ. ಇದು ಹುಟ್ಟಿನಿಂದ ಬರಬೇಕಾದ ಗುಣ ಅಲ್ಲ, ರೂಢಿ ಮಾಡಿಸಬಹುದು.

ಆಮೇಲೆ ಅವನ ಕಾಲು ನೋಡಿ. ಬಾಲ್ ಬಂದಾಗ ಕಂಬದ ಹಾಗೆ ಅದಕ್ಕೆ ಎದುರಾಗಿ ನಿಂತರೆ ಅದು ಬಂದ ಕಡೆಗೇ ವಾಪಸ್ ಹೋಗುತ್ತದೆ, ಬೇರೆ ದಾರಿ ಇರುವುದಿಲ್ಲ. ಮೈಯನ್ನು ಅರ್ಧ ಓರೆ ಮಾಡಿ, ಹಿಂದಿನ ಕಾಲಿಗೆ ಬಾಲ್ ಬಿಟ್ಟುಕೊಂಡು, ಆ ಒಂದೇ ಟಚ್‌ನಲ್ಲಿ ಮುಂದಕ್ಕೆ ತಿರುಗಿದ ಅಂದರೆ ಎದುರಾಳಿಯ ಒಬ್ಬ ಆಟಗಾರ ಲೆಕ್ಕಕ್ಕಿಲ್ಲದ ಹಾಗಾದ. ಗ್ಯಾಲರಿಯಲ್ಲಿ ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ಸೆಲೆಕ್ಷನ್‌ಗೆ ಬಂದ ಕೋಚ್ ಪುಸ್ತಕದಲ್ಲಿ ಬರೆದುಕೊಳ್ಳುವುದು ಇದನ್ನೇ. ನಮ್ಮ ಕಡೆಯ ಎಷ್ಟೋ ಶಾಲೆಗಳ ಮೈದಾನ ಒಂದು ಕಡೆ ಇಳಿಜಾರು, ಇನ್ನೊಂದು ಕಡೆ ಜಂಬಿಟ್ಟಿಗೆ ಕಲ್ಲು. ಅಂಥ ಕಡೆ ಬಾಲ್ ನಿಲ್ಲಿಸಲು ಕಲಿತವನಿಗೆ ಹುಲ್ಲಿನ ಮೈದಾನ ಸಿಕ್ಕರೆ ಹಬ್ಬ.

ಇನ್ನೊಂದು. ಬಾಲ್ ಕಳಕೊಂಡ ಮೇಲೆ ಏನು ಮಾಡುತ್ತಾನೆ? ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನೋ, ತಿರುಗಿ ಬೆನ್ನು ಹತ್ತುತ್ತಾನೋ? ಬೆನ್ನು ಹತ್ತುವವನಾದರೆ ಭಾವ ಏನಾದರೂ ಹೇಳಿಕೊಳ್ಳಲಿ ಬಿಡಿ.

ಪ್ರಶ್ನೆ: ಒಂದು ಮ್ಯಾಚಲ್ಲಿ ಮಿಡ್‌ಫೀಲ್ಡರ್ ಎಷ್ಟು ಕಿಲೋಮೀಟರ್ ಓಡ್ತಾನೆ?
— ವಿದ್ಯಾರ್ಥಿ, ಶಿಕಾರಿಪುರ

ದೊಡ್ಡ ಲೀಗ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 12 ಕಿ.ಮೀ. ಅದನ್ನು ಒಂದೇ ಸಮ ಓಡುವುದಿಲ್ಲ. ನಡಿಗೆ, ಜಾಗಿಂಗ್, ಮಧ್ಯೆ ಮಧ್ಯೆ ಜೀವ ಬಿಟ್ಟು ಓಡುವುದು, ಮತ್ತೆ ನಡಿಗೆ. ಆದ್ದರಿಂದ ಬೆಳಿಗ್ಗೆ ಎದ್ದು ಒಂದೇ ವೇಗದಲ್ಲಿ ಹತ್ತು ಕಿ.ಮೀ. ಓಡುತ್ತಾ ಇದ್ದರೆ ಮ್ಯಾರಥಾನ್‌ಗೆ ತಯಾರಾಗುತ್ತೀಯ ತಮ್ಮಾ, ಫುಟ್ಬಾಲ್‌ಗೆ ಅಲ್ಲ.

ಪ್ರಶ್ನೆ: ನಂಗೆ 16 ವರ್ಷ, ಎತ್ತರ 5 ಅಡಿ 3 ಇಂಚು. ಟ್ರಯಲ್ಸ್‌ಗೆ ಹೋದ್ರೆ ಮೊದಲು ನೋಡೋದೇ ಎತ್ತರ. ನನ್ನ ಜೊತೆ ಆಡಿದ ಗಡ್ಡ ಬಂದ ಹುಡುಗ್ರೆಲ್ಲ ಸೆಲೆಕ್ಟ್ ಆದ್ರು. ತಡ ಆಯ್ತಾ? ಬಿಟ್ಟುಬಿಡ್ಲಾ?
— ಪಿಯುಸಿ ವಿದ್ಯಾರ್ಥಿ, ಸಾಗರ

ಬಿಡಬೇಡ. ಗಡ್ಡ ನಿನಗೂ ಬರುತ್ತೆ. 14–16ರಲ್ಲಿ ಬೇಗ ಬೆಳೆದ ಹುಡುಗರು ಮೈಬಲದಿಂದ ಗೆಲ್ಲುತ್ತಾರೆ, ಎರಡು ಮೂರು ವರ್ಷದಲ್ಲಿ ಉಳಿದವರೂ ಬೆಳೆದಾಗ ಆ ಅನುಕೂಲ ಕರಗಿಹೋಗುತ್ತೆ. ಸಣ್ಣ ಮೈಯವನು ಅಷ್ಟರಲ್ಲಿ ತಲೆ ಓಡಿಸಲು ಕಲಿತಿರುತ್ತಾನೆ, ಕಲಿಯದೆ ಅವನಿಗೆ ಬೇರೆ ಗತಿಯೇ ಇರಲಿಲ್ಲ.

ಲುಕಾ ಮೊಡ್ರಿಚ್ ಕಥೆ ನಿನಗೆ ಗೊತ್ತಿರಬಹುದು. ಕ್ರೊವೇಷಿಯಾದ ಹುಡುಗ. ಯುದ್ಧದಲ್ಲಿ ಮನೆ ಬಿಟ್ಟು ನಿರಾಶ್ರಿತರ ಜೊತೆ ಹೋಟೆಲಿನಲ್ಲಿ ಬೆಳೆದವನು. ಹೈಡುಕ್ ಸ್ಪ್ಲಿಟ್ ಕ್ಲಬ್ಬಿನವರು ತೀರಾ ಸಣ್ಣಗಿದ್ದಾನೆ ಅಂತ ಬೇಡ ಅಂದರು. ಆಮೇಲೆ ಡಿನಾಮೊ ಜಾಗ್ರೆಬ್ ತೆಗೆದುಕೊಂಡಿತು, ಅವರೂ 18ನೇ ವಯಸ್ಸಿನಲ್ಲಿ ಪಕ್ಕದ ಬೋಸ್ನಿಯಾದ ಲೀಗ್‌ಗೆ ಆಡಲು ಎರವಲು ಕಳಿಸಿದರು. ಕಾಲಿಗೆ ಬೀಳುವ ಒದೆಗೆ ಹೆಸರಾದ ಒರಟು ಲೀಗ್ ಅದು. ಅಲ್ಲಿ ವರ್ಷದ ಆಟಗಾರ ಅನ್ನಿಸಿಕೊಂಡು ಬಂದ. 2018ರಲ್ಲಿ ಕ್ರೊವೇಷಿಯಾವನ್ನು ವಿಶ್ವಕಪ್ ಫೈನಲ್‌ವರೆಗೆ ಎಳೆದುಕೊಂಡು ಹೋಗಿ, ಹತ್ತು ವರ್ಷ ಮೆಸ್ಸಿ, ರೊನಾಲ್ಡೊ ಇಬ್ಬರೇ ಹಂಚಿಕೊಂಡಿದ್ದ, ಜಗತ್ತಿನ ವರ್ಷದ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಪಡೆದ. ರಿಯಲ್ ಮ್ಯಾಡ್ರಿಡ್‌ನಲ್ಲಿ ಯುರೋಪಿನ ಕ್ಲಬ್ಬುಗಳ ದೊಡ್ಡ ಪಂದ್ಯಾವಳಿ ಚಾಂಪಿಯನ್ಸ್ ಲೀಗ್ ಆರು ಸಲ ಗೆದ್ದು, 2025ರಲ್ಲಿ ನಲವತ್ತರ ಹೊಸ್ತಿಲಲ್ಲಿ ಎಸಿ ಮಿಲಾನ್ ಸೇರಿದ.

ತಡದ ವಿಷಯಕ್ಕೆ ಇನ್ನೂ ಒಳ್ಳೆ ಉದಾಹರಣೆ ಫ್ರಾನ್ಸಿನ ಎನ್‌ಗೊಲೊ ಕಾಂಟೆ. ಐದೂವರೆ ಅಡಿ ಆಸಾಮಿ. 21ನೇ ವಯಸ್ಸಿನಲ್ಲಿ ಫ್ರಾನ್ಸಿನ ಮೂರನೇ ದರ್ಜೆ ಲೀಗ್‌ನಲ್ಲಿ ಆಡುತ್ತಿದ್ದ. ಹೆಸರೂ ಯಾರಿಗೂ ಗೊತ್ತಿರಲಿಲ್ಲ. 2016ರಲ್ಲಿ ಲೆಸ್ಟರ್ ಸಿಟಿ ಜೊತೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ, ಮರುವರ್ಷ ಚೆಲ್ಸಿ ಸೇರಿ ಮತ್ತೆ ಅದನ್ನೇ ಗೆದ್ದ, 2018ರಲ್ಲಿ ವಿಶ್ವಕಪ್.

ಅವರೆಲ್ಲ ಯುರೋಪಿನವರು, ನಮಗೆಲ್ಲಿ ಅಂತೀಯಾ? ಶಿಲ್ಲಾಂಗ್‌ನ ಯುಜೀನ್‌ಸನ್ ಲಿಂಗ್ಡೊ ನೋಡು. ಎಂಜಿನಿಯರಿಂಗ್ ಓದಿದ ಮಿಡ್‌ಫೀಲ್ಡರ್. ಬೆಂಗಳೂರು ಎಫ್‌ಸಿಗೆ ಬಂದದ್ದು 2014ರಲ್ಲಿ, ಆಗ ವಯಸ್ಸು 27 ದಾಟಿತ್ತು. 2015ರಲ್ಲಿ ದೇಶದ ವರ್ಷದ ಆಟಗಾರ. ಅದೇ ವರ್ಷದ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಹರಾಜಿನಲ್ಲಿ ಪುಣೆ ತಂಡ 1.05 ಕೋಟಿ ರೂಪಾಯಿಗೆ ಕೂಗಿತು. 16ಕ್ಕೇ ತಡ ಆಯ್ತು ಅನ್ನಬೇಡ ಮಾರಾಯ. ಓಟದ ಬಲದ ಮೇಲೆ, ಮೈದಾನದ ಅಂಚಿನಲ್ಲಿ (ವಿಂಗ್) ಆಡುವವರಿಗೆ ವಯಸ್ಸು ಬೇಗ ಹತ್ತುತ್ತೆ. ನಡುವೆ ಆಡುವವನ ಕಣ್ಣು ಪಳಗಲು ವರ್ಷಗಳೇ ಬೇಕು, ಪಳಗಿದ ಮೇಲೆ ಬೇಗ ಹೋಗುವುದೂ ಇಲ್ಲ.

ಪ್ರಶ್ನೆ: ನಾನು ನಿವೃತ್ತ ಕಾರ್ಮಿಕ. ನಮ್ಮ ಕಾಲದಲ್ಲಿ ಕರ್ನಾಟಕದ ಆಟಗಾರರ ಹೆಸರು ಕಲ್ಕತ್ತಾದಲ್ಲೂ ಓಡುತ್ತಿತ್ತು. ಈಗಿನ ಹುಡುಗರಿಗೆ ಯುರೋಪಿನವರ ಹೆಸರು ಬಿಟ್ಟರೆ ಏನೂ ಗೊತ್ತಿಲ್ಲ. ನಮ್ಮವರಲ್ಲಿ ಒಳ್ಳೆ ಮಿಡ್‌ಫೀಲ್ಡರ್ ಯಾರು ಅಂತ ನೀವೇ ಬರೆಯಿರಿ.
— ಹಿರಿಯ ಓದುಗರು, ಭದ್ರಾವತಿ

ಬರೆಯುತ್ತೇನೆ ಯಜಮಾನರೇ, ನನಗೂ ಇದು ಬಹಳ ದಿನದ ಆಸೆ.

ನನ್ನ ಓಟು ಕಾರ್ಲ್‌ಟನ್ ಚಾಪ್‌ಮನ್‌ಗೆ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಹುಡುಗ. 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿ, 1993ರಲ್ಲಿ ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದರು. ಸೇರಿದ ವರ್ಷವೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಹ್ಯಾಟ್ರಿಕ್. ಪಂದ್ಯ 6–2. ಮಿಡ್‌ಫೀಲ್ಡರ್ ಒಬ್ಬ ಇರಾಕಿನ ತಂಡಕ್ಕೆ ಮೂರು ಗೋಲು ಹೊಡೆಯುವುದು ಅಂದರೆ ಸುಮ್ನೆ ಮಾತಲ್ಲ, ಆಗ ಇರಾಕ್ ಏಷ್ಯಾದ ಗಟ್ಟಿ ತಂಡಗಳಲ್ಲಿ ಒಂದು. ಆಮೇಲೆ ಪಂಜಾಬಿನ ಜೆಸಿಟಿ. 1996–97ರಲ್ಲಿ ಮೊಟ್ಟಮೊದಲ ನ್ಯಾಷನಲ್ ಫುಟ್ಬಾಲ್ ಲೀಗ್ ಗೆದ್ದ ತಂಡ ಅದೇ. ಅಲ್ಲಿಂದ ಎಫ್‌ಸಿ ಕೊಚಿನ್, ಮತ್ತೆ ಈಸ್ಟ್ ಬೆಂಗಾಲ್, 2001ರಲ್ಲಿ ನಾಯಕನಾಗಿ ಆ ತಂಡಕ್ಕೂ ಲೀಗ್ ಗೆದ್ದುಕೊಟ್ಟರು. ಭಾರತ ತಂಡದ ನಾಯಕತ್ವವೂ ಬಂತು. ಆಟ ಬಿಟ್ಟ ಮೇಲೆ ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಕೋಚ್ ಆದರು, ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೊಗೂ ಕೋಚ್. 2020ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಬರೀ 49 ವರ್ಷ. ಆಗ ಕೋವಿಡ್ ಗಲಾಟೆ ಬೇರೆ. ಹೆಚ್ಚಿನವರಿಗೆ ಸುದ್ದಿ ಮುಟ್ಟಲೇ ಇಲ್ಲ ಅಂತ ನನಗೆ ಇವತ್ತಿಗೂ ಬೇಸರ.

ಇನ್ನೂ ಹಿಂದಕ್ಕೆ ಹೋದರೆ ಕೆಂಪಯ್ಯ. ಆಗ ಮಿಡ್‌ಫೀಲ್ಡರ್ ಅನ್ನುತ್ತಿರಲಿಲ್ಲ, ಹಾಫ್ ಬ್ಯಾಕ್ ಅನ್ನುತ್ತಿದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತಲ್ಲ, ಆ ತಂಡದಲ್ಲಿ ಇದ್ದವರು. ಫುಟ್ಬಾಲ್‌ನಲ್ಲಿ ಭಾರತ ಒಲಿಂಪಿಕ್ಸ್‌ನಲ್ಲಿ ಅಷ್ಟು ಮೇಲೆ ಹೋಗಿದ್ದು ಅದೊಂದೇ ಸಲ. ಆಮೇಲೆ ಷಣ್ಮುಗಂ ವೆಂಕಟೇಶ್, ಅವರೂ ಬೆಂಗಳೂರಿನವರು, ಮಿಡ್‌ಫೀಲ್ಡರ್, ಭಾರತದ ನಾಯಕರಾಗಿದ್ದವರು, ಈಚೆಗೆ ರಾಷ್ಟ್ರೀಯ ತಂಡದ ಸಹಾಯಕ ಕೋಚ್ ಆಗಿಯೂ ಕೆಲಸ ಮಾಡಿದರು.

ಇನ್ನು ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ. 1968–69ರಲ್ಲಿ ಮೈಸೂರು ಅನ್ನುವ ಹೆಸರಿನಲ್ಲಿ ಗೆದ್ದ ನಮ್ಮ ರಾಜ್ಯದವರು ಮತ್ತೆ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ಸೌದಿಯ ರಿಯಾದ್‌ನಲ್ಲಿ, ಮೇಘಾಲಯದ ಮೇಲೆ 3–2. ನಡುವೆ 54 ವರ್ಷ. ನಿಮ್ಮ ತಲೆಮಾರಿನ ಹೊಟ್ಟೆಯುರಿ ನನಗೆ ಅರ್ಥವಾಗುತ್ತೆ.

ಪ್ರಶ್ನೆ: ನಮ್ಮ ಹುಡುಗ 15 ವರ್ಷದವನು. ಒಬ್ಬರು ಏಜೆಂಟ್ ಅಂತ ಹೇಳಿಕೊಂಡು ಬಂದಿದ್ದರು. ಹೊರದೇಶದ ಕ್ಲಬ್ಬಿನಲ್ಲಿ ಟ್ರಯಲ್ಸ್ ಕೊಡಿಸುತ್ತೇನೆ, ಸೇರಿಸಿಯೂ ಬಿಡುತ್ತೇನೆ, ಮುಂಗಡ ಕೊಡಿ ಅನ್ನುತ್ತಿದ್ದಾರೆ. ತೋಟದ ಮೇಲೆ ಸಾಲ ತೆಗೆಯೋಣ ಅಂತ ಯಜಮಾನರು ಹೊರಟಿದ್ದಾರೆ. ಕೊಡಬಹುದಾ?
— ಒಬ್ಬ ತಾಯಿ, ಶಿವಮೊಗ್ಗ

ಒಂದು ಪೈಸೆ ಕೊಡಬೇಡಿ ಅಮ್ಮ. ಇವತ್ತೇ ಯಜಮಾನರಿಗೆ ಇದನ್ನು ಓದಿ ಹೇಳಿ.

ವಿಶ್ವ ಫುಟ್ಬಾಲ್ ಸಂಸ್ಥೆ ಫಿಫಾದ ನಿಯಮದ ಪ್ರಕಾರ 18 ತುಂಬದ ಆಟಗಾರನನ್ನು ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ವರ್ಗ ಮಾಡುವಂತಿಲ್ಲ. ಕೆಲವು ವಿನಾಯಿತಿ ಇವೆ, ಉದಾಹರಣೆಗೆ ಅಪ್ಪ ಅಮ್ಮ ಫುಟ್ಬಾಲ್‌ಗೆ ಸಂಬಂಧ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದರೆ. ನಿಮಗೆ ಅದು ಅನ್ವಯಿಸುವುದಿಲ್ಲ. ಅಂದರೆ ಆ ಮನುಷ್ಯ ಆಗದ ಕೆಲಸವನ್ನು ಮಾರುತ್ತಿದ್ದಾನೆ. ಏಜೆಂಟ್ ಆಗಲು ಈಗ ಫಿಫಾ ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಲೈಸೆನ್ಸ್ ತೋರಿಸಿ ಅನ್ನಿ. ತೋರಿಸಿದರೂ ದುಡ್ಡು ಕೊಡಬೇಡಿ, ಟ್ರಯಲ್ಸ್‌ಗೆ ಕರೆಯುವ ಸರಿಯಾದ ಕ್ಲಬ್ಬು ಮಧ್ಯದವರ ಕೈಯಲ್ಲಿ ಮುಂಗಡ ಕೇಳಿಸುವುದಿಲ್ಲ.

ಹಾಗಾದರೆ ದಾರಿ ಯಾವುದು? ಮೊದಲು ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಶಾಲೆಗೆ ಸೇರಿಸುವಾಗ ಹೆಚ್ಚುಕಮ್ಮಿ ಬರೆಸಿದ್ದು ಈಗ ಕಾಲಿಗೆ ತೊಡಕು. ವಯಸ್ಸಿನ ವಿಷಯದಲ್ಲಿ ಅನುಮಾನ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಮೂಳೆಯ ವಯಸ್ಸು ನೋಡುತ್ತಾರೆ. ಆಮೇಲೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಕ್ರೀಡಾ ಶಾಲೆ, ಕ್ರೀಡಾ ನಿಲಯದ ಆಯ್ಕೆ ಯಾವಾಗ, ಯಾವ ನಿಲಯದಲ್ಲಿ ಫುಟ್ಬಾಲ್ ಇದೆ ಅಂತ ಕೇಳಿ. ಎಲ್ಲ ಕಡೆ ಇರುವುದಿಲ್ಲ.

ಮುಂದಿನ ಮೆಟ್ಟಿಲು ಬೆಂಗಳೂರು, ಅದನ್ನು ತಪ್ಪಿಸಲು ಸದ್ಯಕ್ಕೆ ಆಗುವುದಿಲ್ಲ. ಕರ್ನಾಟಕ ರಾಜ್ಯ ಫುಟ್ಬಾಲ್ ಸಂಸ್ಥೆಯ ಲೀಗ್‌ನಲ್ಲಿ ಸಿ, ಬಿ, ಎ ಡಿವಿಷನ್ ದಾಟಿ ಸೂಪರ್ ಡಿವಿಷನ್ ಇದೆ. ಯಾವುದೋ ಸಣ್ಣ ಕ್ಲಬ್ಬು ಸೇರಿದರೂ ಆ ಕ್ಲಬ್ಬಿನವರು ಹುಡುಗನನ್ನು ಅಖಿಲ ಭಾರತ ಫುಟ್ಬಾಲ್ ಫೆಡರೇಷನ್‌ನ ಸಿಆರ್‌ಎಸ್ (ಕೇಂದ್ರೀಕೃತ ನೋಂದಣಿ) ವ್ಯವಸ್ಥೆಯಲ್ಲಿ ನೋಂದಾಯಿಸಬೇಕು. ನೋಂದಾಯಿಸಿದರಾ ಅಂತ ಕೇಳಿ ಖಾತ್ರಿ ಮಾಡಿಕೊಳ್ಳಿ. ದೊಡ್ಡ ಕ್ಲಬ್ಬುಗಳ ಕಿರಿಯರ ತಂಡಗಳಿಗೆ 2022ರಿಂದ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಇದೆ, ಹೊಸ ಮುಖ ಹುಡುಕುವವರು ಕಣ್ಣಿಡುವುದು ಅಲ್ಲಿ. ತೋಟ ತೋಟವಾಗಿಯೇ ಇರಲಿ.

ಪ್ರಶ್ನೆ: ನಾನು ಹುಡುಗಿ. ನಮ್ಮೂರಲ್ಲಿ ಹುಡುಗಿಯರ ಟೀಮೇ ಇಲ್ಲ, ಹುಡುಗರ ಜೊತೆ ಆಡ್ತೀನಿ. ಮಿಡ್‌ಫೀಲ್ಡ್ ಇಷ್ಟ. ನಂಗೆ ಮುಂದೆ ಏನಾದ್ರೂ ಇದೆಯಾ?
— ಒಂಬತ್ತನೇ ತರಗತಿ, ಹೊಸನಗರ

ಇದೆ ಪುಟ್ಟಿ. 2025ರ ಜುಲೈನಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳೆಯರು ಥಾಯ್ಲೆಂಡನ್ನೇ 2–1ರಲ್ಲಿ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಹೋದರು. ಅರ್ಹತಾ ಸುತ್ತು ಆಡಿ ಗೆದ್ದು ಹೋದದ್ದು ಅದೇ ಮೊದಲು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು, ಪಶ್ಚಿಮ ಬಂಗಾಳದ ಮಿಡ್‌ಫೀಲ್ಡರ್. ಅವರ ಆಟ ಹುಡುಕಿ ನೋಡು.

ಹುಡುಗರ ಜೊತೆ ಆಡುವುದನ್ನು ಯಾರು ಏನೇ ಅಂದರೂ ಬಿಡಬೇಡ. ಬಾಲ್ ಕಾಲಿನಲ್ಲಿ ಇಟ್ಟುಕೊಳ್ಳಲು ಅಲ್ಲಿ ಟೈಮೇ ಸಿಗುವುದಿಲ್ಲ, ಬೇಗ ನೋಡಿ ಬೇಗ ಕೊಡಲೇಬೇಕು. ಅದಕ್ಕಿಂತ ಒಳ್ಳೆ ಟ್ರೈನಿಂಗ್ ಇಲ್ಲ. ಬೆಂಗಳೂರಿನಲ್ಲಿ ಕಿಕ್‌ಸ್ಟಾರ್ಟ್ ಅಂತ ಕ್ಲಬ್ಬಿದೆ, 2023ರಲ್ಲಿ ಇಂಡಿಯನ್ ವುಮೆನ್ಸ್ ಲೀಗ್ ಫೈನಲ್ ಆಡಿದ ತಂಡ. ರಾಜ್ಯ ಮಟ್ಟದ ಮಹಿಳಾ ಲೀಗ್ ಕೂಡ ನಡೆಯುತ್ತೆ. ನಿಜ ಹೇಳಬೇಕು ಅಂದರೆ ಹುಡುಗರಷ್ಟು ದುಡ್ಡು ಇದರಲ್ಲಿ ಇನ್ನೂ ಇಲ್ಲ, ಅದು ಸರಿಯೂ ಅಲ್ಲ. ಆದರೆ ಪೈಪೋಟಿಗೆ ಬರುವ ಹುಡುಗಿಯರು ಕಡಿಮೆ ಇರುವುದರಿಂದ ಒಳ್ಳೆ ಆಟಗಾರ್ತಿ ಬೇಗ ಕಣ್ಣಿಗೆ ಬೀಳುತ್ತಾಳೆ.

ಪ್ರಶ್ನೆ: ಡಿಗ್ರಿ ಎರಡನೇ ವರ್ಷ. ಯೂನಿವರ್ಸಿಟಿ ತಂಡದಲ್ಲಿ ಇದ್ದೀನಿ. ಓದು ಬಿಟ್ಟು ಪೂರ್ತಿ ಫುಟ್ಬಾಲ್‌ಗೆ ಇಳಿಯೋಣ ಅಂತ ಇದ್ದೀನಿ. ಏನಂತೀರಿ?
— ವಿದ್ಯಾರ್ಥಿ, ಶಂಕರಘಟ್ಟ

ಡಿಗ್ರಿ ಮುಗಿಸು. ಇನ್ನೊಂದು ವರ್ಷ ಅಷ್ಟೇ ಅಲ್ವಾ?

ಯಾಕೆ ಅಂದರೆ ಭಾರತದ ಫುಟ್ಬಾಲ್ ಎಷ್ಟು ಅಲುಗಾಡುತ್ತೆ ಅನ್ನುವುದನ್ನು 2025ರಲ್ಲಿ ಎಲ್ಲರೂ ನೋಡಿದರು. ಫೆಡರೇಷನ್ನು ಮತ್ತು ಆಗ ಐಎಸ್‌ಎಲ್ ನಡೆಸುತ್ತಿದ್ದ ಕಂಪನಿ ನಡುವೆ 2010ರಲ್ಲಿ ಆದ 15 ವರ್ಷದ ಒಪ್ಪಂದ ಮುಗಿಯಲು ಬಂತು, ಹೊಸದು ಆಗಲಿಲ್ಲ. ಜುಲೈನಲ್ಲಿ ಲೀಗ್ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು. 2018–19ರ ಚಾಂಪಿಯನ್ ತಂಡ ಅದು! ಅವರ ಆಟಗಾರರಿಗೇ ಹೀಗಾದರೆ ಕೆಳಗಿನ ಡಿವಿಷನ್‌ನಲ್ಲಿ ಆಡುವವರ ಪಾಡು ಯೋಚನೆ ಮಾಡು.

ಮಂಡಿ ಇನ್ನೊಂದು ಅಪಾಯ. ಮಿಡ್‌ಫೀಲ್ಡರ್ ಪಂದ್ಯ ಪೂರ್ತಿ ತಿರುಗುತ್ತಲೇ ಇರುತ್ತಾನೆ. ಬೂಟಿನಡಿಯ ಸ್ಟಡ್ ನೆಲ ಕಚ್ಚಿ ಮೈ ತಿರುಗಿತು ಅಂದರೆ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿಯಬಹುದು. ವಾಪಸ್ ಮೈದಾನಕ್ಕೆ ಬರಲು ಆರೇಳು ತಿಂಗಳಿಗೆ ಕಮ್ಮಿ ಇಲ್ಲ, ಎಷ್ಟೋ ಸಲ ವರ್ಷ. ಮ್ಯಾಂಚೆಸ್ಟರ್ ಸಿಟಿಯ ರೊಡ್ರಿ 2024ರ ಬ್ಯಾಲನ್ ಡಿ'ಓರ್ ತೆಗೆದುಕೊಳ್ಳಲು ಊರುಗೋಲು ಹಿಡಿದು ವೇದಿಕೆ ಹತ್ತಿದ. ಅವನಿಗೆ ಕ್ಲಬ್ಬಿನ ಡಾಕ್ಟರಿದ್ದಾರೆ, ಸಂಬಳ ಬರುತ್ತೆ. ನಿನಗೆ ಆ ಆರು ತಿಂಗಳು ಯಾರು ಅನ್ನ ಹಾಕುತ್ತಾರೆ?

ರೈಲ್ವೆ, ಪೊಲೀಸ್, ಸೇನೆ, ಕೆಲವು ಸರ್ಕಾರಿ ಕಂಪನಿಗಳಲ್ಲಿ ಕ್ರೀಡಾ ಕೋಟಾ ಇದೆ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳಿಗೆ ಆಡಿಕೊಂಡೇ ಕೆಲಸ ಮಾಡಿ ಸಂಸಾರ ನಡೆಸಿದ ಒಂದು ತಲೆಮಾರೇ ಇತ್ತು. ಎಚ್‌ಎಎಲ್ ತಂಡ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಕೂಡ ಆಡಿತ್ತು. ಆ ದಾರಿ ಈಗ ಸಣ್ಣದಾಗಿದೆ, ಮುಚ್ಚಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯ ಪ್ರಮಾಣಪತ್ರ ಅಲ್ಲಿ ಲೆಕ್ಕಕ್ಕೆ ಬರುತ್ತೆ, ಜೋಪಾನವಾಗಿ ಇಟ್ಟುಕೋ. ಆಟ ಬಿಟ್ಟ ಮೇಲೆ ಕೋಚಿಂಗ್‌ಗೆ ಬರುವ ಯೋಚನೆ ಇದ್ದರೆ ಡಿ ಲೈಸೆನ್ಸ್‌ನಿಂದ ಶುರು ಮಾಡು. ನಡುವೆ ಆಡಿದವರಿಗೆ ಎರಡೂ ಕಡೆಯ ಆಟ ಕಂಡಿರುತ್ತೆ, ಒಳ್ಳೆ ಕೋಚ್ ಆಗುವವರು ಅವರಲ್ಲೇ ಜಾಸ್ತಿ ಅಂತ ನನ್ನ ಲೆಕ್ಕ.

ಪ್ರಶ್ನೆ: ಜೂನ್ ಬಂತು ಅಂದ್ರೆ ನಮ್ಮಲ್ಲಿ ಪ್ರಾಕ್ಟೀಸ್ ಬಂದ್. ಮೂರು ತಿಂಗಳು ಎಂತ ಮಾಡೋದು?
— ಹೈಸ್ಕೂಲ್ ತಂಡದ ಹುಡುಗರು, ಆಗುಂಬೆ ಹತ್ತಿರ

ಗೋಡೆ ಇದೆಯಲ್ಲ! ಶಾಲೆಯ ಕಾರಿಡಾರ್, ಗೋಡೌನ್, ಖಾಲಿ ಕೊಟ್ಟಿಗೆ, ಎಲ್ಲಿ ಸೂರು ಇದೆಯೋ ಅಲ್ಲಿ. ಗೋಡೆಗೆ ಬಲಗಾಲಲ್ಲಿ ಪಾಸ್, ವಾಪಸ್ ಬಂದದ್ದನ್ನು ಎಡಗಾಲಲ್ಲಿ ನಿಲ್ಲಿಸು, ತಿರುಗು. ಹಿಂದೆ ಒಬ್ಬ ನಿಂತು ಬೆರಳು ತೋರಿಸಲಿ, ಬಾಲ್ ಕಾಲಿಗೆ ಬರುವ ಮೊದಲು ತಿರುಗಿ ನೋಡಿ ಎಷ್ಟು ಬೆರಳು ಅಂತ ಹೇಳಬೇಕು. ಮೊದಲ ದಿನ ಬಾಲ್ ಕಾಲಡಿ ಜಾರಿ ಹೋಗುತ್ತೆ, ಎಲ್ಲರೂ ನಗುತ್ತೀರಿ, ಪರವಾಗಿಲ್ಲ. ಅಡಿಕೆ ಅಂಗಳದಲ್ಲಿ ಮಾತ್ರ ಬೇಡ, ಮಳೆಗಾಲದ ಪಾಚಿಗೆ ಸೊಂಟ ಹೋಗುತ್ತೆ, ಜೊತೆಗೆ ಅಜ್ಜನ ಬೈಗುಳ.

ಮಳೆ ಸ್ವಲ್ಪ ಹೊಳವಾದಾಗ ಕೆಸರಲ್ಲೂ ಆಡಿ. ನೀರು ನಿಂತಲ್ಲಿ ನೆಲದ ಪಾಸ್ ಅರ್ಧದಲ್ಲೇ ನಿಲ್ಲುತ್ತೆ, ಎತ್ತಿ ಕೊಡಲು ಕಲಿಯುತ್ತೀರಿ. ಕಾಲಲ್ಲಿ ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ, ಇಲಿ ಜ್ವರದ ಭಯ ಇದೆ. ಉಂಬಳ ಹತ್ತಿದರೆ ಎಳೆದು ಕೀಳಬೇಡಿ ಅಂತ ನಿಮಗೆ ನಾನು ಹೇಳಿಕೊಡಬೇಕಾ? ಬೂಟು ಒದ್ದೆಯಾದರೆ ಒಳಗೆ ಹಳೇ ಪೇಪರ್ ತುರುಕಿ ಗಾಳಿಗೆ ಇಡಿ. ಬೇಗ ಒಣಗಲಿ ಅಂತ ಬಚ್ಚಲ ಒಲೆ ಪಕ್ಕ ಇಟ್ಟರೆ ಅಂಟು ಬಿಟ್ಟು ಸೋಲ್ ಕಿತ್ತು ಬರುತ್ತೆ.